ಹೊಸ ಹಲ್ಲು, ಸಿಕ್ಕಿಬಿದ್ದ ಉಸಿರು

ಬಸುರಿ ಮಗಳಿಗೆ ಏಳನೇ ತಿಂಗಳು ನಡೆದಿದ್ದಾಗ ನನ್ನ ಬಾಯಿಗೆ ಹೊಸ ಹಲ್ಲು ಬಂದವು. ಮೇಲೊಂದು ಸಾಲು, ಕೆಳಗೊಂದು ಸಾಲು. ಕನ್ನಡಿಯ ಮುಂದೆ ನಿಂತು ನಕ್ಕೂ ನಕ್ಕೂ ದವಡೆ ನೋಯಿಸಿಕೊಂಡೆ. ಇಪ್ಪತ್ತು ವರ್ಷ ಹುರಿದ ತಂಬಾಕಿನ ಮಿಶ್ರಿ ತಿಕ್ಕಿ ಒಂದೊಂದಾಗಿ ಕಳೆದುಕೊಂಡ ಹಲ್ಲನ್ನೆಲ್ಲ ಡಾಕ್ಟರು ಒಂದೇ ಡಬ್ಬಿಯಲ್ಲಿ ಹಾಕಿ ತಿರುಗಿ ಕೊಟ್ಟಿದ್ದರು. ಹಲ್ಲು ಕಟ್ಟಿಸಿಕೊಂಡಿದ್ದೂ ಮೊಮ್ಮಗುವಿಗಾಗಿಯೇ. ಬೊಚ್ಚುಬಾಯಿಯ ಅಜ್ಜಿಯನ್ನು ನೋಡಿ ಕೂಸು ಬೆಚ್ಚಬಾರದು ಅಂತ ನನ್ನ ಆಸೆ. ಕೂಸಿನದೂ ಬೊಚ್ಚುಬಾಯಿಯೇ ಇರುತ್ತದೆ ಅನ್ನುವುದು ಆಗಿನ ಸಂತೋಷದಲ್ಲಿ ನನ್ನ ತಲೆಗೆ ಹೋಗಲಿಲ್ಲ.

ಹಲ್ಲು ಬಂದ ಹದಿನೈದು ದಿನಕ್ಕೆ ಉಸಿರು ಕೈಕೊಡಲು ಶುರುವಾಯಿತು.

ಆಗ ನಾವು ಗೋವಾದ ಚಿಂಬಲ್‌ನಲ್ಲಿ ಒಂದೇ ಖೋಲಿಯಲ್ಲಿದ್ದೆವು, ನಾನು ಮತ್ತು ಬಾಣಂತನಕ್ಕೆಂದು ಬಂದ ಮಗಳು. ಕೆಲಸ ಪಣಜಿಯ ಕಡೆ ಏಳುತ್ತಿದ್ದ ಒಂದು ನಾಲ್ಕು ಮಾಳಿಗೆಯ ಕಟ್ಟಡದಲ್ಲಿ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಬ್ಬಿಣದ ಬುಟ್ಟಿ, ಬುಟ್ಟಿಯಲ್ಲಿ ಕಲಸಿದ ಕಾಂಕ್ರೀಟು. ಮೂರನೇ ಮಾಳಿಗೆಯವರೆಗೆ ನಿಲ್ಲದೆ ಹತ್ತುತ್ತಿದ್ದವಳು ನಾನು. ಈಗ ಎರಡನೆಯದರ ತಿರುವಿನಲ್ಲಿ ಗೋಡೆಗೆ ಕೈಯೂರಿ ನಿಲ್ಲಬೇಕಾಯಿತು. ನಾಲಿಗೆ ಹಿಂದಕ್ಕೆ ಸರಿದು ಗಂಟಲಿಗೆ ಮುಚ್ಚಳ ಹಾಕಿದ ಹಾಗೆ. ಎಳೆದ ಗಾಳಿ ಅರ್ಧಕ್ಕೇ ತಿರುಗಿ ಬರುತ್ತಿತ್ತು.

ಮಧ್ಯಾಹ್ನ ರೊಟ್ಟಿ ತಿಂದು ನೆರಳಿನಲ್ಲಿ ಒಂದು ನಿದ್ದೆ ತೆಗೆಯುವುದು ನಮ್ಮ ರೂಢಿ. ನನ್ನ ಜೋಡಿ ಬುಟ್ಟಿ ಹೊರುತ್ತಿದ್ದವಳು ಬಾಗಲಕೋಟೆ ಕಡೆಯ ಮುಸ್ಲಿಂ ಹೆಣ್ಣುಮಗಳು, ಸೈಟಿನಲ್ಲಿ ಎಲ್ಲರಿಗೂ ಆಪಾ. ಒಂದು ದಿನ ಅವಳು ಭುಜ ಹಿಡಿದು ಅಲುಗಿಸಿ ಎಬ್ಬಿಸಿದಳು.

"ಯಕ್ಕಾ! ಏಳ ಏಳ! ಸತ್ತಿಯೇನ ಅಂತ ಎದಿ ಝಲ್ಲಂತು ನಂದು."

"ಏನಾತs?"

"ಗರಗಸ ಎಳದಂಗ ಗೊರಕಿ ಹೊಡ್ಯಾಕತ್ತಿದ್ದಿ. ಒಮ್ಮೆಲೆ ಬಂದ್ ಆತು. ನಾ ಹತ್ತು ಎಣಿಸಿದೆ, ಉಸರ ಇಲ್ಲ. ಆಮ್ಯಾಲೆ ನೀರಾಗಿಂದ ಎದ್ದವರಗತೆ ಹಾ ಅಂದಿ."

"ನೀ ಮಲಕ್ಕೊಳ್ಳೂದು ಬಿಟ್ಟು ನನ್ನ ಉಸರ್ಯಾಕ ಎಣಸಾಕತ್ತಿದ್ದಿ?"

"ನಿನ್ನ ಗೊರಕ್ಯಾಗ ನಿದ್ದಿ ಎಲ್ಲಿ ಬರತೈತಿ ತಾಯಿ?"

ನಾನು ನಕ್ಕೆ. ಅವಳು ನಗಲಿಲ್ಲ.

ಅದೇ ವಾರ ಮಗಳ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ. ಕೊರ್ತಾಲಿಮ್‌ನಿಂದ ಬೀಗತಿ, ಅಂದರೆ ಅಳಿಯನ ತಾಯಿ, ಹಸಿರು ಸೀರೆ ಮತ್ತು ಹೋಳಿಗೆಯ ಡಬ್ಬಿ ತೆಗೆದುಕೊಂಡು ಬಂದರು. ಬೀಗತಿ ಮನುಷ್ಯರನ್ನು ಪೇಟೆಯ ಬದನೆಕಾಯಿಯಂತೆ ಒತ್ತಿ ಒತ್ತಿ ನೋಡುವ ಪೈಕಿ. ಊಟವಾದ ಮೇಲೆ ಒಂದು ತಾಸು ಎಲ್ಲರೂ ಅಡ್ಡಾದೆವು. ನಾನು ಎದ್ದಾಗ ಆಕೆ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು.

"ಬೀಗತ್ಯಾರ, ನಿದ್ದ್ಯಾಗ ಬರೂ ಈ ಕೆಮ್ಮು ಎಷ್ಟ ದಿನದಿಂದ ಐತ್ರಿ?"

"ಕೆಮ್ಮಲ್ರಿ ಅದು. ಸಿಮೆಂಟಿನ ಧೂಳ."

"ಧೂಳ ಎಲ್ಲಾರ ಎದ್ಯಾಗೂ ಹೋಗತೈತ್ರಿ. ಎಲ್ಲಾರ ಎದಿ ಸೀಟಿ ಹೊಡ್ಯಾಂಗಿಲ್ಲ. ನಮ್ಮ ಓಣ್ಯಾಗ ಒಬ್ಬಾಕಿಗೆ ಹಿಂಗs ಆಗಿತ್ತು. ಕ್ಷಯ ಅಂದ್ರು." ಆಮೇಲೆ ಧ್ವನಿ ಇಳಿಸಿ ಹೇಳಿದರು, "ಹೆರಿಗಿ ನಮ್ಮ ಕಡೆ ಆಗ್ಲಿ ಬಿಡ್ರಿ. ಹಸಗೂಸು. ನೀವು ದೂರದಿಂದ ನೋಡಿಕೊಂಡು ಹೋಗೀರಂತ."

ಮೊದಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ಎಲ್ಲರೂ ಬಲ್ಲ ಪದ್ಧತಿ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದು ತವರಿನ ಅಜ್ಜಿಯ ಪಾಲು. ಆ ಪಾಲನ್ನು ಆಕೆ ಹೋಳಿಗೆಯ ಡಬ್ಬಿ ಮುಚ್ಚುತ್ತಾ ಮುಚ್ಚುತ್ತಾ ಕಿತ್ತುಕೊಂಡಿದ್ದರು. ಮಗಳು ತಲೆ ತಗ್ಗಿಸಿ ಕೂತಿದ್ದಳು. ಬೀಗತಿಗೆ ನನ್ನ ರೋಗದ ಚಿಂತೆಯಲ್ಲ, ಕೂಸನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವ ಹುನ್ನಾರ ಅಂತ ನನಗೆ ಆಗಲೇ ಅನುಮಾನ ಹುಟ್ಟಿತು. ಅದರ ಬೆನ್ನಿಗೇ ಇನ್ನೊಂದು ಅನುಮಾನ: ನಿಜವಾಗಿಯೂ ಕ್ಷಯವೇ ಆಗಿದ್ದರೆ?

ಮರುದಿನವೇ ಕೂಲಿ ಬಿಟ್ಟು ಸರಕಾರಿ ದವಾಖಾನೆಗೆ ಹೋದೆ. ಕಫ ಕೊಡಲು ಪುಟ್ಟ ಡಬ್ಬಿ ಕೊಟ್ಟರು. ಬೆಳಿಗ್ಗೆ ಎದ್ದೊಡನೆಯ ಕಫ ಬೇಕು ಅಂದರು, ಅದನ್ನೂ ಕೊಟ್ಟೆ. ಎದೆಯ ಫೋಟೋ ತೆಗೆದರು. ಏನೂ ಇಲ್ಲ ಅಂತ ಬರೆದುಕೊಟ್ಟರು. ಕಾಗದ ಹಿಡಿದುಕೊಂಡು ಬಸ್ಸು ಹತ್ತಿ ನೇರ ಕೊರ್ತಾಲಿಮ್‌ಗೆ ಹೋದೆ. ಬೀಗತಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕಾಗದದಾಗ ಏನರ ಬರೀತಾರ್ರಿ. ನಾ ಕಿವೀಲೆ ಕೇಳೇನಿ. ಕೂಸು ಬರೂದ್ರಾಗ ನಿಮ್ಮ ಎದಿ ಸುಮ್ಮನಾದ್ರ ನೋಡೂಣು."

ಅಷ್ಟು ಬಾಗಿಲು ತೆರೆದಿಟ್ಟರು. ಉಳಿದಿದ್ದು ಎರಡು ತಿಂಗಳಿಗೂ ಕಡಿಮೆ.

ಎದೆಯಲ್ಲಿ ಏನೂ ಇಲ್ಲದಿದ್ದರೆ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತಿದೆ? ಅನುಮಾನ ಹಲ್ಲಿನ ಮೇಲೆ ಬಿತ್ತು. ಅವು ಬಂದ ಮೇಲೆಯೇ ಇದೆಲ್ಲ. ಹಲ್ಲನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟು ದಿಟ್ಟಿಸಿದೆ. ಯಾರದೋ ಬಾಯಿಗೆ ಮಾಡಿದ್ದನ್ನು ನನಗೆ ತುರುಕಿದ್ದಾರೆಯೇ? ಆಪಾ ಇನ್ನೂ ಬೆಂಕಿಗೆ ಎಣ್ಣೆ ಸುರಿದಳು. "ಸತ್ತವರ ಹಲ್ಲ ಕಿತ್ತು ಮಾಡತಾರಂತ ಯಕ್ಕಾ. ಆ ಮನಶಾ ಗೊರಕಿ ಹೊಡ್ಯಾವ ಇದ್ನೋ ಏನೋ!"

ಹಲ್ಲಿನ ಡಾಕ್ಟರು ಬೆಳಗಾವಿ ಕಡೆಯ ಹೆಣ್ಣುಮಗಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಪಣಜಿಯ ಒಂದು ಸಣ್ಣ ಗಲ್ಲಿಯಲ್ಲಿ ಅವಳ ದವಾಖಾನೆ. ನನ್ನನ್ನು ಆಜಿ ಅನ್ನುತ್ತಿದ್ದಳು, ನಾನು ಬಾಯಾರ ಅನ್ನುತ್ತಿದ್ದೆ. ದೂರು ಕೇಳಿ ಅವಳು ಸಿಟ್ಟಾಗಲಿಲ್ಲ. ನನ್ನ ಬಾಯಿಯದೇ ಸುಣ್ಣದ ಅಚ್ಚನ್ನು ಕಪಾಟಿನಿಂದ ತೆಗೆದು, ಹಲ್ಲಿನ ಸಾಲನ್ನು ಅದರ ಮೇಲೆ ಕೂರಿಸಿ ತೋರಿಸಿದಳು. ಕೂದಲೆಳೆ ತೂರುವಷ್ಟು ಸಂದೂ ಇರಲಿಲ್ಲ. ನನ್ನ ಹಲ್ಲೇ, ಖರೆ.

"ಈಗ ಬಾಯಾಗ ಹಾಕ್ಕೊಂಡು ಕಚ್ಚರಿ ಆಜಿ."

ಕಚ್ಚಿದೆ. ತೆಳ್ಳನೆಯ ನೀಲಿ ಕಾಗದವನ್ನು ಹಲ್ಲಿನ ನಡುವೆ ಇಟ್ಟು ಮತ್ತೆ ಕಚ್ಚಿಸಿದಳು. ಹಲ್ಲಿನ ಮೇಲೆ ಎರಡೂ ಕಡೆ ಸರಿಸಮನಾಗಿ ನೀಲಿ ಚುಕ್ಕೆ ಬಿದ್ದವು.

"ಎಷ್ಟ ಚಂದ ಕೂಡಾಕತ್ತಾವ ನೋಡ್ರಿ. ಹಲ್ಲಿಂದು ಏನೂ ತಪ್ಪಿಲ್ಲ. ನಿಮ್ಮ ಎದಿ ತೋರಸ್ರಿ."

"ಎದಿ ತೋರಿಸೇನ್ರಿ. ಎದ್ಯಾಗ ಏನಿಲ್ಲ, ಬ್ಯಾರೆ ಕಡೆ ನೋಡ್ರಿ ಅಂದ್ರು."

ಅವಳು ತನ್ನ ತಪ್ಪು ಮುಚ್ಚಿಡುತ್ತಿದ್ದಾಳೆ ಅಂದುಕೊಂಡು ಹೊರಗೆ ಬಂದೆ. ಇವರಿಗಿಂತ ನಾವೇ ನೋಡುವುದು ವಾಸಿ ಅಂತ ಆಪಾಳನ್ನು ಪಹರೆಗೆ ಕೂರಿಸಿದೆ. ಒಂದು ಮಧ್ಯಾಹ್ನ ಹಲ್ಲು ಹಾಕಿಕೊಂಡು ಮಲಗಿದೆ. ನಾಲ್ಕು ಸಲ ಉಸಿರು ನಿಂತಿತು ಅಂದಳು. ಮರುದಿನ ಹಲ್ಲು ತೆಗೆದಿಟ್ಟು ಮಲಗಿದೆ. ಗೆದ್ದೆ ಅಂದುಕೊಂಡಿದ್ದೆ, ಆದರೆ ಮೂರು ಸಲ ನಿಂತಿತಂತೆ. ಹಲ್ಲಿದ್ದರೂ ಅದೇ, ಇಲ್ಲದಿದ್ದರೂ ಅದೇ. ನನಗೆ ಅಳು ಬಂತು. ಮಗಳಂತೂ "ಯವ್ವಾ, ಆ ಹಲ್ಲ ಗಟಾರಕ್ಕ ಒಗಿ. ನಾ ಅತ್ತಿ ಮನಿಗೇ ಹೋಗತೇನಿ. ನೀ ಆರಾಮ ಇದ್ರ ಸಾಕು" ಅಂದಳು. ಹಾಗೆ ಅಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮೂರನೇ ದಿನ ಒಸಡು ಬಾತು ನೋಯುತ್ತಿತ್ತು. ಹಲ್ಲು ತೆಗೆದು, ಒಂದು ಅರಿವೆಯನ್ನು ತಣ್ಣೀರಲ್ಲಿ ಅದ್ದಿ ಮಡಚಿ ಎರಡೂ ಒಸಡಿನ ನಡುವೆ ಮೆಲ್ಲಗೆ ಹಿಡಿದುಕೊಂಡಿದ್ದೆ. ಹಾಗೇ ಕಣ್ಣು ಹತ್ತಿತು. ಎದ್ದಾಗ ಆಪಾ ನನ್ನನ್ನು ದೆವ್ವ ನೋಡಿದಂತೆ ನೋಡುತ್ತಿದ್ದಳು.

"ಒಂದ ಸಲಾನೂ ನಿಂದ್ರಲಿಲ್ಲ ಯಕ್ಕಾ. ಗೊರಕಿ ಸೈತ ಇಲ್ಲ. ಕೂಸಿನಂಗ ಮಲಗಿದ್ದಿ."

ನಾನು ಅರಿವೆಯನ್ನು ಬಾಯಿಂದ ತೆಗೆದು ಬೆರಳಲ್ಲಿ ಒತ್ತಿ ನೋಡಿದೆ. ನಾಲ್ಕು ಮಡಿಕೆ ದಪ್ಪ. ಅಂದರೆ ದವಡೆಗಳು ಅಷ್ಟು ದೂರ ನಿಂತಾಗ ಗಾಳಿಗೆ ದಾರಿ ಸಿಗುತ್ತದೆ. ಹಲ್ಲು ಅಷ್ಟು ದೂರ ನಿಲ್ಲಿಸುತ್ತಿಲ್ಲ. ಹಲ್ಲು ಗಿಡ್ಡ! ಮೂವತ್ತು ವರ್ಷ ಸ್ಲ್ಯಾಬಿನ ಕೆಳಗೆ ಮರದ ಕಂಬ ನಿಲ್ಲಿಸುವುದನ್ನು ನೋಡಿದವಳಿಗೆ ಇದು ತಿಳಿಯದೇ? ಕಂಬ ಗಿಡ್ಡವಾದರೆ ಮೇಲಿನದು ಕೆಳಗೆ ಕೂರುತ್ತದೆ.

ಮತ್ತೆ ಡಾಕ್ಟರ ಹತ್ತಿರ ಹೋಗಿ ಹಲ್ಲು ಗಿಡ್ಡ ಅಂದೆ. ಅವಳು ಈ ಸಲ ಮೂಗಿನ ತುದಿಗೊಂದು, ಗದ್ದಕ್ಕೊಂದು ಪೆನ್ನಿನಿಂದ ಚುಕ್ಕೆ ಇಟ್ಟು ಪಟ್ಟಿಯಿಂದ ಅಳೆದಳು. ಬಾಯಿ ಸಡಿಲ ಬಿಟ್ಟು ಕೂರಿ ಅಂದಳು, ಅಳೆದಳು. ಕಚ್ಚಿ ಅಂದಳು, ಅಳೆದಳು. ಸಡಿಲ ಬಿಟ್ಟಾಗ ಎರಡು-ಮೂರು ಗೆರೆಯಷ್ಟು ಹೆಚ್ಚಿರಬೇಕು, ಅಷ್ಟೇ ಇದೆ ಅಂದಳು. ಮೊದಲ ಸಲ ಹಲ್ಲಿನ ಎತ್ತರ ಗೊತ್ತುಮಾಡಲು ಮೇಣದ ಗೋಡೆ ಬಾಯಿಯಲ್ಲಿಟ್ಟು ಕಚ್ಚಿಸಿದಾಗಲೂ ಹೀಗೇ ಅಳೆದಿದ್ದಳಂತೆ.

"ಆಜಿ, ಪಟ್ಟಿ ಸುಳ್ಳ ಹೇಳೂದಿಲ್ಲ."

"ಪಟ್ಟಿ ಇಲ್ಲಿ ಕುರ್ಚ್ಯಾಗ ಖರೆ ಹೇಳತೈತಿ ಬಾಯಾರ. ನಾ ಕೆಲಸ ಮಾಡೂದು ಕುರ್ಚ್ಯಾಗಲ್ಲ."

ಬಾಯಿ ತಪ್ಪಿ ಬಂದ ಮಾತು. ಬಸ್ಸಿಗೆ ಕಾಯುತ್ತಾ ನಿಂತಾಗ ಅದೇ ಮಾತು ತಲೆಯಲ್ಲಿ ತಿರುಗಿತು. ಹೌದು, ಇವಳು ನನ್ನನ್ನು ಯಾವಾಗಲೂ ಕುರ್ಚಿಯಲ್ಲೇ ನೋಡಿದ್ದಾಳೆ. ಉಸಿರು ಸಿಕ್ಕಿಕೊಳ್ಳುವುದು ಭಾರ ಹೊತ್ತಾಗ. ಅದನ್ನು ಕಣ್ಣಾರೆ ತೋರಿಸಿಬಿಡುತ್ತೇನೆ. ಆಗಲೂ ಎದೆಯದೇ ಅಂದರೆ ಹಲ್ಲನ್ನು ಅವಳ ಮೇಜಿನ ಮೇಲಿಟ್ಟು, ಕೂಸಿನ ಆಸೆಯನ್ನೂ ಅಲ್ಲೇ ಬಿಟ್ಟು ಬರುತ್ತೇನೆ ಅಂತ ನಿರ್ಧಾರ ಮಾಡಿದೆ.

ಮರುದಿನ ಅರ್ಧ ಪಾಳಿ ಮುಗಿಸಿ, ಬುಟ್ಟಿ ಮತ್ತು ಸಿಂಬಿ ಹಿಡಿದುಕೊಂಡೇ ದವಾಖಾನೆಗೆ ಹೋದೆ. ಮೊಣಕಾಲವರೆಗೆ ಸಿಮೆಂಟು. ಕಾಯುತ್ತಿದ್ದವರು ಸರಿದು ಜಾಗ ಬಿಟ್ಟರು. ಮೂಲೆಯಲ್ಲಿ ಅಚ್ಚು ಮಾಡುವ ಸುಣ್ಣದ ಚೀಲವಿತ್ತು. ಕೇಳದೆಯೇ ಅದನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡೆ.

"ಆಜಿ! ಏನ ಮಾಡಾಕತ್ತೀರಿ? ಇಳಸ್ರಿ ಅದನ್ನ!"

"ನೋಡ್ರಿ ಈಗ. ಹೆಂಗ ಉಸರ ಸಿಕ್ಕೋತೈತಿ ನೋಡ್ರಿ."

ಬುಟ್ಟಿ ತಲೆಗೇರಿತು. ನಾಲ್ಕು ಹೆಜ್ಜೆ ಆಕಡೆ, ನಾಲ್ಕು ಹೆಜ್ಜೆ ಈಕಡೆ. ಡಾಕ್ಟರು ಕೂಗುವುದನ್ನು ಥಟ್ಟನೆ ನಿಲ್ಲಿಸಿದಳು. ನನ್ನ ಮುಂದೆ ಬಂದಳು, ಆಮೇಲೆ ಪಕ್ಕಕ್ಕೆ ಹೋಗಿ ಬಗ್ಗಿ ನನ್ನ ಕುತ್ತಿಗೆಯನ್ನು ನೋಡಿದಳು.

"ಹಂಗs ನಿಂದರ್ರಿ. ಈಗ ಕಚ್ಚರಿ."

"ಕಚ್ಚೇ ಐತ್ರಿ. ಭಾರ ಹೊತ್ತಾಗ ಕಚ್ಚಲಾರದ ಹೆಂಗ?"

"ಬುಟ್ಟಿ ಇಳಸ್ರಿ. ಬಂದು ಕುರ್ಚ್ಯಾಗ ಕುಂದರ್ರಿ. ಕಚ್ಚರಿ."

ಕಚ್ಚಿದೆ. ಅವಳು ಕೈಗನ್ನಡಿಯೊಂದನ್ನು ನನಗೆ ಕೊಟ್ಟು, ಇನ್ನೊಂದನ್ನು ನನ್ನ ಪಕ್ಕಕ್ಕೆ ಹಿಡಿದಳು. ನನ್ನ ಮುಖ ಪಕ್ಕದಿಂದ ಹೇಗೆ ಕಾಣುತ್ತದೆಂದು ನಾನು ನೋಡಿದ್ದು ಅದೇ ಮೊದಲು. ಗದ್ದ ಒಳಗೆ ಎಳೆದುಕೊಂಡಿದ್ದೆ. ಕುತ್ತಿಗೆ ಕಂಬದಂತೆ ನೆಟ್ಟಗಾಗಿ ನರ ಎದ್ದಿದ್ದವು. ಕೆಳದವಡೆ ಹಿಂದಕ್ಕೆ ಹೋಗಿ ಮೇಲಕ್ಕೆ ಒತ್ತಿ ನಿಂತಿತ್ತು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಆದರೂ ನಾನು ಬುಟ್ಟಿ ಹೊತ್ತೇ ಕೂತಿದ್ದೆ.

ಡಾಕ್ಟರು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಆಜಿ, ತಪ್ಪು ನಂದೂ ಐತಿ. ಕಚ್ಚರಿ ಅಂದಾಗೆಲ್ಲ ನೀವು ಭಾರ ಹೊರೂ ಹಂಗ ಬಿಗಿ ಹಿಡದೀರಿ. ಬಿಸಿ ಮೇಣ ಅಮುಕಿ ಗಿಡ್ಡ ಆಗೇತಿ. ಸಡಿಲ ಬಿಡ್ರಿ ಅಂದ್ರೂ ನೀವು ಸಡಿಲ ಬಿಟ್ಟೇ ಇಲ್ಲ. ನಾ ಅದನ್ನs ಅಳದು ಹಲ್ಲ ಕೂಡಿಸೇನಿ. ದವಡಿ ಹಿಂದ ಹೋದ್ರ ಅದರ ಜೋಡಿ ನಾಲಿಗೀನೂ ಹಿಂದ ಹೋಗತೈತಿ. ಉಸರಿನ ದಾರಿ ಅಲ್ಲೇ ಸಣ್ಣದಾಗತೈತಿ. ಮೊದಲು ಕಚ್ಚಾಕ ಬಾಯಾಗ ಏನೂ ಇರಲಿಲ್ಲ; ಈಗ ಗಿಡ್ಡ ಹಲ್ಲು ಸಿಕ್ಕು ದವಡಿ ಹಿಂದs ಕೂಡೂ ಚಟ ಕಲತೈತಿ, ಹಲ್ಲು ತಗದ್ರೂ ಬಿಡೂದಿಲ್ಲ."

ಅಂದರೆ ಹಲ್ಲು ಕಳ್ಳನಲ್ಲ, ಡಾಕ್ಟರೂ ಕಳ್ಳಿಯಲ್ಲ. ಮೂವತ್ತು ವರ್ಷದ ದುಡಿತ ನನಗೆ ಗೊತ್ತಿಲ್ಲದೆ ದವಡೆಯಲ್ಲಿ ಮನೆ ಮಾಡಿಕೊಂಡಿತ್ತು.

ಮತ್ತೆ ಮೊದಲಿನಿಂದ ಶುರು. ಗುಲಾಬಿ ಬಣ್ಣದ ಮೇಣದ ಗೋಡೆಯನ್ನು ಬಿಸಿ ಚಾಕುವಿನಿಂದ ಕಟ್ಟಿದಳು, ಹಳೆಯದಕ್ಕಿಂತ ಎತ್ತರ. ಬಾಯಿಯಲ್ಲಿ ಇಟ್ಟಳು. ಆದರೆ ಸಡಿಲ ಬಿಡುವುದು ಅಂದರೆ ಹೇಗೆ ಅಂತಲೇ ನನಗೆ ತಿಳಿಯದು. ಸಡಿಲ ಬಿಡ್ರಿ ಅಂದರೆ ಇನ್ನೂ ಬಿಗಿಯುತ್ತಿದ್ದೆ. ನೀರು ಕುಡಿಸಿದಳು, ಉಗುಳು ನುಂಗಿಸಿದಳು. ಮೂರು ಸಲ ಅಳೆದರೆ ಮೂರು ಲೆಕ್ಕ. ಕೊನೆಗೆ ಪಟ್ಟಿ ಕೆಳಗಿಟ್ಟು ಕೇಳಿದಳು.

"ಮಗಳಿಗೆ ಯಾವಾಗ ತಾರೀಖ ಕೊಟ್ಟಾರ?"

"ಇನ್ನ ಒಂದು ತಿಂಗಳೈತ್ರಿ."

"ಕೂಸಿನ್ನ ಹೆಂಗ ಮಲಗಸ್ತೀರಿ? ಬಾಯಿ ತಗೀದs ಜೋಗುಳ ಹಾಡ್ರಿ ನೋಡೂಣು."

ನಾಚಿಕೆಯಾಯಿತು. ಆದರೂ ಕಣ್ಣು ಮುಚ್ಚಿಕೊಂಡು, ಇಲ್ಲದ ಕೂಸನ್ನು ತೊಡೆಯ ಮೇಲೆ ತೂಗುತ್ತಾ ತುಟಿ ಮುಚ್ಚಿ ಮ್ ಮ್ ಅಂತ ಗುನುಗಿದೆ. ಗದ್ದ ತಾನಾಗಿ ಇಳಿಯಿತು, ಸ್ವಲ್ಪ ಮುಂದಕ್ಕೂ ಬಂತು. ಮೂಗಿನಿಂದ ಗಾಳಿ ಸಲೀಸಾಗಿ ಒಳಗೆ ಹೋಯಿತು. ಗುನುಗುತ್ತಿದ್ದಾಗಲೇ ಪಟ್ಟಿಯ ತಣ್ಣನೆಯ ಅಂಚು ಕೆನ್ನೆಗೆ ತಾಗಿತು. "ಸಿಕ್ತು" ಅಂದಳು ಡಾಕ್ಟರು. ಮತ್ತೆರಡು ಸಲ ಗುನುಗಿಸಿದಳು. ಎರಡೂ ಸಲ ಅದೇ ಲೆಕ್ಕ. ಮೊದಲಿನದಕ್ಕಿಂತ ನಾಲ್ಕು ಗೆರೆ ಎತ್ತರ.

ಇನ್ನೂ ಎತ್ತರ ಮಾಡಿ, ಉಸಿರು ಇನ್ನೂ ಚಲೋ ಬರುತ್ತದಲ್ಲ ಅಂದೆ. ಹಾಗೆ ಮಾಡಿದರೆ ತುಟಿ ಕೂಡುವುದಿಲ್ಲ, ಮಾತಾಡುವಾಗ ಹಲ್ಲು ಟಕಟಕ ಬಡಿಯುತ್ತವೆ, ಒಸಡು ಹುಣ್ಣಾಗುತ್ತದೆ ಅಂದಳು. ಮೇಣ ಬಾಯಲ್ಲಿದ್ದಂತೆಯೇ ಕುರ್ಚಿಯನ್ನು ಅಡ್ಡ ಮಾಡಿ ಮಲಗಿಸಿ, ಕಿವಿಗೊಟ್ಟು ಕೇಳಿದಳು. ಆಮೇಲೆ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದಳು: "ಹಲ್ಲು ಎಲ್ಲಾದಕ್ಕೂ ಔಷಧ ಅಲ್ಲ ಆಜಿ. ಇದರ ಮ್ಯಾಲೂ ಉಸರು ನಿಂತ್ರ ದೊಡ್ಡ ದವಾಖಾನಿಗೆ ಹೋಗಬೇಕು. ನನ್ನ ಮ್ಯಾಲೆ ಸಂಶೇ ಮಾಡ್ಕೋತ ಕುಂದರಬಾರ್ದು."

ಮೇಣದಲ್ಲಿ ಹಲ್ಲು ಚುಚ್ಚಿ ಒಮ್ಮೆ ಹಾಕಿ ನೋಡಿದರು. ಅದನ್ನು ಬೇಯಿಸಿ ಗಟ್ಟಿ ಮಾಡಲು ಕಳಿಸಿದರು. ಅಷ್ಟರಲ್ಲಿ ತಾರೀಖಿಗೆ ಇನ್ನೂ ಎರಡು ವಾರವಿದ್ದಾಗಲೇ ಮಗಳಿಗೆ ಬೇನೆ ಬಂತು. ನಾನು ಬೊಚ್ಚುಬಾಯಿಯಲ್ಲೇ ದವಾಖಾನೆಗೆ ಓಡಿದೆ. ಹೆಣ್ಣು ಕೂಸು! ಮೊಸರಿನ ಬಣ್ಣ, ಮುಷ್ಟಿ ಬಿಗಿದುಕೊಂಡು ಬಂದಿತ್ತು. ನನ್ನ ಬಾಯಿ ನೋಡಿ ಬೆಚ್ಚಲಿಲ್ಲ, ಆಕಳಿಸಿತು. ನನಗೆ ಕುಣಿಯುವಷ್ಟು ಸಂತೋಷ. ಆದರೆ ಕೂಸನ್ನು ಎತ್ತಿಕೊಂಡವರು ಬೀಗತಿ. ನಾನು ಎರಡು ಕೈ ಚಾಚಿದೆ. ಆಕೆ ಭುಜ ತಿರುಗಿಸಿದರು.

ಕೂಸು ಮನೆಗೆ ಬರುವ ದಿನವೇ ಹಲ್ಲೂ ಬಂದವು. ಹಾಕಿ ನೋಡಲು, ಆಪಾಳ ಪಹರೆಯಲ್ಲಿ ಪರೀಕ್ಷೆ ಮಾಡಲು ಒಂದು ಮಧ್ಯಾಹ್ನವೂ ಉಳಿದಿರಲಿಲ್ಲ. ಬೀಗತಿ ಚಿಂಬಲ್‌ಗೆ ಬಂದು ಚೀಲವನ್ನು ಬಾಗಿಲ ಹತ್ತಿರವೇ ಇಟ್ಟರು, ಬಿಚ್ಚಲಿಲ್ಲ.

"ಬಾಣಂತಿ ಉಂಡು ಸ್ವಲ್ಪ ಅಡ್ಡಾಗ್ಲಿ. ನೀವೂ ಮಲಗ್ರಿ ಬೀಗತ್ಯಾರ. ನಾ ಕುಂತು ಕೇಳತೇನಿ. ಸೀಟಿ ಹೊಡದ್ರಿ ಅಂದ್ರ ಸಂಜಿ ಬಸ್ಸಿಗೆ ತಾಯಿ ಮಗಳಿನ್ನ ಕರಕೊಂಡ ಹೊಂಟೆ."

ಮಾತು ನೇರ ಇತ್ತು. ಒಪ್ಪಿದೆ. ಆದರೆ ಪಹರೆ ಕೂತವರ ಮುಂದೆ ನಿದ್ದೆ ಎಲ್ಲಿಂದ ಬರಬೇಕು? ಬಲಕ್ಕೆ ಹೊರಳಿದೆ, ಎಡಕ್ಕೆ ಹೊರಳಿದೆ. ಹೊಸ ಹಲ್ಲು ಬಾಯಿ ತುಂಬಾ ಇದ್ದವು, ದವಡೆ ಹಳೆಯ ಚಟಕ್ಕೆ ಬಿಗಿಯಲು ನೋಡುತ್ತಿತ್ತು. ಬೀಗತಿ ಚಾಪೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನನ್ನ ಮೂಗನ್ನೇ ನೋಡುತ್ತಿದ್ದರು.

"ನಿದ್ದಿ ಹತ್ತೇತೇನ್ರಿ?"

"ನೀವು ಕೇಳೂದು ಬಿಟ್ರ ಹತ್ತತೈತ್ರಿ."

ಮಗಳು ಎದ್ದು ಕೂತಳು. ಅತ್ತೆಯ ಕಡೆ ನೋಡದೆಯೇ ಕೂಸನ್ನು ಎತ್ತಿ ತಂದು ನನ್ನ ಎದೆಯ ಮೇಲೆ ಬೋರಲು ಮಲಗಿಸಿ, ಪಕ್ಕದಲ್ಲೇ ಬೆನ್ನಿನ ಮೇಲೆ ಕೈಯಿಟ್ಟು ಕೂತಳು. "ಅತ್ತಿ, ಕಿವಿಗಿಂತ ಕೂಸಿಗೆ ಚಲೋ ತಿಳೀತೈತಿ. ಸೀಟಿ ಹೊಡದ್ರ ಅದs ಏಳತೈತಿ" ಅಂದಳು.

ರೊಟ್ಟಿಯ ಹಿಟ್ಟಿನ ಉಂಡೆಯಷ್ಟು ಭಾರ. ಬಿಸಿಬಿಸಿ. ಹೊತ್ತ ಭಾರಗಳಲ್ಲಿ ದವಡೆ ಕಚ್ಚದೆ ಹೊತ್ತದ್ದು ಇದೊಂದೇ. ನಾನು ತುಟಿ ಮುಚ್ಚಿ ಗುನುಗಲು ಶುರು ಮಾಡಿದೆ, ಎಲ್ಲಿಗೆ ಬಿಟ್ಟೆನೋ ತಿಳಿಯದು.

ಎಚ್ಚರವಾಗಿದ್ದು ಗರಗಸದ ಸದ್ದಿಗೆ. ಹೋಯಿತು, ಎಲ್ಲ ಹೋಯಿತು, ಮತ್ತೆ ನನ್ನದೇ ಗಂಟಲು ಅಂದುಕೊಂಡೆ. ಕೂಸು ಬೆಚ್ಚಿ ಕೈಕಾಲು ಎತ್ತಿ ಕಿರುಚಿತು. ಆದರೆ ನಾನು ಎಚ್ಚರವಾಗಿದ್ದೆ, ಸದ್ದು ಇನ್ನೂ ನಡೆದೇ ಇತ್ತು. ತಲೆ ತಿರುಗಿಸಿ ನೋಡಿದರೆ ಬೀಗತಿ ಚಾಪೆಯ ಮೇಲೆ ಅಂಗಾತ ಬಿದ್ದಿದ್ದರು, ಬಾಯಿ ತೆರೆದಿತ್ತು, ಮೂವತ್ತೆರಡೂ ಸ್ವಂತ ಹಲ್ಲು ಕಾಣುತ್ತಿದ್ದವು. ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದಳು.

"ಒಂದ ತಾಸ ಮಲಗೀರಿ ಅಜ್ಜಿ ಮೊಮ್ಮಗಳು," ಅಂತ ಪಿಸುಗುಟ್ಟಿದಳು. "ನಿನ್ನ ಎದಿ ಮ್ಯಾಲೆ ಕೂಸು ಮಿಸುಕಿಲ್ಲ ಯವ್ವಾ. ಅತ್ತಿ ಕೇಳಿ ಕೇಳಿ, ಏನೂ ಕೇಳಲಾರದಕ್ಕ ನಿದ್ದಿಗೆ ಬಿದ್ರು."

ಕೂಸಿನ ಅಳುವಿಗೆ ಬೀಗತಿ ದಡಕ್ಕನೆ ಎದ್ದು ಕೂತರು. ನನ್ನನ್ನು ನೋಡಿದರು, ಮಗಳನ್ನು ನೋಡಿದರು.

"ಯಾರ ಗೊರಕಿ ಹೊಡದವ್ರು?"

ನಾನು ಕೂಸಿನ ಬೆನ್ನು ತಟ್ಟಿದೆ. ಮಗಳು ಛಾವಣಿಯ ತಗಡನ್ನು ನೋಡುತ್ತಿದ್ದಳು. ಬೀಗತಿ ನಮ್ಮಿಬ್ಬರ ಮುಖವನ್ನೂ ಪರೀಕ್ಷೆ ಮಾಡಿದರು, ಆಮೇಲೆ ಎದ್ದು ಬಾಗಿಲ ಹತ್ತಿರದ ಚೀಲವನ್ನು ಒಳಗೆ ಎಳೆದುಕೊಂಡು ಅದರಿಂದ ಎಣ್ಣೆಯ ಬಾಟಲಿ ತೆಗೆದರು.

"ನಾಳೆ ಮುಂಜಾನೆ ನೀರಿನ ಬಿಸಿ ನಾ ನೋಡತೇನಿ," ಅಂದರು ಗಡಸಾಗಿ, "ಕೂಸಿನ್ನ ಕಾಲ ಮ್ಯಾಲೆ ನೀವs ಹಾಕ್ಕೊರ್ರಿ."